‘ನೀನು ಹೋಗು’ ಅಂದರು, ಹೋದೆ

ಅವರೇ ಹೋಗು ಅಂದರು, ನಾನು ಹೋದೆ. ಆ ಪ್ರವಾಸದ ಬಗ್ಗೆ ಕೇಳಿದವರಿಗೆಲ್ಲ ಎಷ್ಟೋ ತಿಂಗಳು ನಾನು ಹೇಳಿಕೊಂಡು ಬಂದದ್ದು ಇಷ್ಟೇ. ಇದರಲ್ಲಿ ಸುಳ್ಳಿಲ್ಲ. ಆದರೂ ಹೇಳಿದ ಪ್ರತಿ ಸಲ ನನ್ನ ದನಿ ಸ್ವಲ್ಪ ಏರುತ್ತಿತ್ತು, ಎದುರಿಗೆ ಯಾರೋ ವಾದಕ್ಕೆ ನಿಂತಿದ್ದಾರೆ ಅನ್ನುವ ಹಾಗೆ.

ಜರ್ಮನಿಯ ಯೇನಾದಲ್ಲಿ ನಾವಿರುವ ಕಟ್ಟಡದ ಕೆಳಗಿನ ಮನೆಯಲ್ಲಿ ಅವರು ಒಬ್ಬರೇ ಇದ್ದಾರೆ. ನನ್ನ ಮಗಳು ಮಾತು ಕಲಿತಾಗಿನಿಂದ ಅವರನ್ನು ಓಮಾ ಅನ್ನುತ್ತಾಳೆ. ಜರ್ಮನ್‌ನಲ್ಲಿ ಅಜ್ಜಿಗೆ ಹಾಗನ್ನುವುದು. ಅವಳ ಬಾಯಿಂದ ಅದು ನಮ್ಮ ಮನೆಗೂ ಬಂತು. ತಮ್ಮನ್ನು ಏಕವಚನದಲ್ಲೇ ಮಾತಾಡಿಸು ಎಂದು ಓಮಾ ಮೊದಲ ವರ್ಷವೇ ಹೇಳಿದ್ದರು, ಜರ್ಮನ್‌ನಲ್ಲಿ ಹಾಗೇ ಮಾತಾಡಿಸುತ್ತೇನೆ. ಕನ್ನಡದಲ್ಲಿ ಬರೆಯುವಾಗ ಮಾತ್ರ ಕೈಗೆ ಬಹುವಚನವೇ ಬರುತ್ತದೆ. ಅವರು ಕಾರ್ಖಾನೆಯಲ್ಲಿ ಲೆನ್ಸ್ ಉಜ್ಜುವ ಕೆಲಸ ಮಾಡಿ ನಿವೃತ್ತರಾದವರು. ನಾನು ಲೆನ್ಸ್ ಪರೀಕ್ಷಿಸುವ ಲ್ಯಾಬಿನಲ್ಲಿದ್ದೇನೆ. ನನ್ನ ಗಂಡ ವಾರದಲ್ಲಿ ನಾಲ್ಕು ದಿನ ಇಂಗೋಲ್‌ಸ್ಟಾಟ್‌ನಲ್ಲಿ, ಕಾರು ಕಂಪನಿಯ ಕೆಲಸದಲ್ಲಿ. ಹಾಗಾಗಿ ಮಗಳು ಶಾಲೆ ಬಿಟ್ಟ ಮೇಲೆ ನಾನು ಬರುವವರೆಗೆ ಕೆಳಗಿನ ಮನೆಯಲ್ಲೇ. ಆಲೂಗಡ್ಡೆ ಸೂಪು, ಹೋಮ್‌ವರ್ಕು, ಜ್ವರ ಬಂದರೆ ಒದ್ದೆ ಬಟ್ಟೆ ಎಲ್ಲವೂ ಅಲ್ಲಿಂದಲೇ. ಇದಕ್ಕೆಲ್ಲ ನಾವು ಕೊಟ್ಟದ್ದು ಆಗಾಗ ಒಂದು ಡಬ್ಬಿ ಉಪ್ಪಿಟ್ಟು, ದೀಪಾವಳಿಗೆ ಒಂದಿಷ್ಟು ಕರದಂಟು.

ಸೈಕಲ್ ಕಲಿಸಿದವರೂ ಅವರೇ. ಗದಗಿನ ನಮ್ಮ ಮನೆಯಲ್ಲಿ ಸೈಕಲ್ ಇದ್ದದ್ದು ಅಣ್ಣನಿಗೆ, ನನ್ನ ಪಾಲಿಗೆ ಹಿಂದಿನ ಕ್ಯಾರಿಯರ್. ಮೂವತ್ತನಾಲ್ಕನೇ ವಯಸ್ಸಿನಲ್ಲಿ, ಮಗಳ ಪುಟ್ಟ ಸೈಕಲ್ ತಳ್ಳಿಕೊಂಡು ಬರುತ್ತಿದ್ದ ನನ್ನನ್ನು ನೋಡಿ ಅವರು, ‘ನಿನ್ನದೆಲ್ಲಿ?’ ಅಂದರು. ಬರುವುದಿಲ್ಲ ಅಂದಾಗ ನಗಲಿಲ್ಲ. ಇಲ್ಲಿ ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುತ್ತವೆ, ಸೂಪರ್‌ಮಾರ್ಕೆಟಿನ ಪಾರ್ಕಿಂಗ್ ಖಾಲಿ. ಒಂದು ಬೇಸಿಗೆ ಪೂರ್ತಿ ಆ ಖಾಲಿ ಜಾಗದಲ್ಲಿ, ದುಪಟ್ಟಾ ಸೊಂಟಕ್ಕೆ ಬಿಗಿದ ನನ್ನ ಹಿಂದೆ, ಅರವತ್ತು ದಾಟಿದ ಆಕೆ ಸೀಟು ಹಿಡಿದು ಓಡಿದರು. ‘ಚಕ್ರ ನೋಡಬೇಡ, ಮುಂದೆ ನೋಡು’ ಎಂದು ಕೂಗುತ್ತಿದ್ದರು. ಎರಡು ವರ್ಷಕ್ಕೆ ನಾವಿಬ್ಬರೂ ಜಾಲೆ ನದಿಯ ಪಕ್ಕದ ದಾರಿಯಲ್ಲಿ ಐವತ್ತು ಅರವತ್ತು ಕಿಲೋಮೀಟರ್ ಹೋಗಿ ಬರುವಂತಾದೆವು. ಆಮೇಲೆ ಏರಿನಲ್ಲಿ ಅವರಿಗಿಂತ ನಾನೇ ಮುಂದಾದೆ. ಆಗಲೂ ಅವರೇ ಹೆಚ್ಚು ಖುಷಿಪಟ್ಟರು.

ಅವರ ಅಡುಗೆಮನೆಯ ಡ್ರಾಯರಿನಲ್ಲಿ ಒಂದು ಹಳೆಯ ನಕ್ಷೆ ಇತ್ತು. ಅದರಲ್ಲಿ ಸ್ಪೇನಿನ ಒಳನಾಡಿನಲ್ಲಿ ಹುಟ್ಟಿ, ಪೋರ್ಚುಗಲ್ ದಾಟಿ, ಪೋರ್ತೊ ಊರಿನ ಹತ್ತಿರ ಸಮುದ್ರ ಸೇರುವ ನದಿಯೊಂದರ ಗುಂಟ ಪೆನ್ಸಿಲ್ಲಿನ ಗೆರೆ. ಸ್ಪೇನಿನವರಿಗೆ ಅದು ದುವೆರೊ, ಪೋರ್ಚುಗಲ್ಲಿನವರಿಗೆ ದೋರು. ಗೆರೆ ಎಳೆದವರು ಅವರ ಗಂಡ. ಯೌವನದಲ್ಲಿ ಅವರಿಬ್ಬರಿಗೂ ಪಶ್ಚಿಮದ ಕಡೆ ಕಾಲಿಡುವಂತಿರಲಿಲ್ಲ. ದೇಶವನ್ನು ಎರಡಾಗಿ ಸೀಳಿದ ಗೋಡೆ ಇದ್ದ ಕಾಲ. ಗೋಡೆ ಬಿದ್ದ ಮೇಲೆ ಕೆಲಸ ಹೋಯಿತು, ಹೊಸ ಕೆಲಸ ಹುಡುಕಬೇಕಾಯಿತು, ಮಕ್ಕಳ ಓದು ಬಂತು. ಎಲ್ಲ ಮುಗಿಯಿತು ಅನ್ನುವಾಗ ಗಂಡನ ಶ್ವಾಸಕೋಶ ಕೈಕೊಟ್ಟಿತು. ಉಳಿದದ್ದು ನಕ್ಷೆ.

‘ನಾನು ನೋಡಿದ ಸಮುದ್ರ ಉತ್ತರದ್ದು, ಅದರಾಚೆ ಇನ್ನೊಂದು ದಡ ಹತ್ತಿರದಲ್ಲೇ ಇದೆ’ ಎಂದು ಒಂದು ಸಂಜೆ ಅಂದರು. ‘ಆಚೆ ದಡವೇ ಸಿಗದ ಸಮುದ್ರದ ತನಕ ಸೈಕಲ್ ತುಳಿದುಕೊಂಡು ಹೋಗಬೇಕು ಅಂತ ಆಸೆ. ಬರುವ ವರ್ಷ ನನಗೆ ಎಪ್ಪತ್ತು. ನೀನು ಬರ್ತೀಯಾ?’

ಬರ್ತೀನಿ ಅಂದೆ. ಅವರು ನನ್ನಿಂದ ಬಾಯಿಬಿಟ್ಟು ಕೇಳಿದ್ದು ಅದೊಂದೇ.

ಗಂಡ ಮೊದಲು ಗೊಣಗಿದ. ‘ಮೂರು ವಾರ ಅಂದ್ರ ಭಾಳ ಆತು. ನಾ ಹೋಮ್ ಆಫೀಸ್ ಕೇಳಿ ಮನಿಯಿಂದ ಕೆಲಸ ಮಾಡಬೇಕು, ಈಕಿ ಶಾಲಿ ನೋಡಬೇಕು.’ ಆಮೇಲೆ ಅವನೇ, ‘ಆತು, ಹೋಗಿ ಬಾ. ಅಕಿ ನಮಗ ಮಾಡಿದ್ದು ಕಮ್ಮಿ ಏನಲ್ಲ’ ಅಂದ.

ಮೇ ತಿಂಗಳ ಆರಂಭದಲ್ಲಿ ಸೈಕಲ್‌ಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ಕಟ್ಟಿ ಮ್ಯಾಡ್ರಿಡ್‌ಗೆ ಹಾರಿದೆವು. ಅಲ್ಲಿಂದ ರೈಲಿನಲ್ಲಿ ಸೋರಿಯಾ ಎಂಬ ಊರಿಗೆ ಹೋಗಿ, ನದಿ ಇನ್ನೂ ಚಿಕ್ಕದಾಗಿರುವ ಕಡೆ ತುಳಿಯಲು ಶುರುಮಾಡಿದೆವು. ಹಗಲಿಗೆ ನಲವತ್ತು ನಲವತ್ತೈದು ಕಿಲೋಮೀಟರ್. ಹಸಿರು ಗೋಧಿ ಹೊಲಗಳು ಬಾನಿನ ಅಂಚಿನವರೆಗೆ ಇದ್ದವು. ನಮ್ಮ ನವಲಗುಂದದ ಕಡೆಯ ಎರೆಭೂಮಿಯಷ್ಟೇ ಬಯಲು, ಮಣ್ಣಿನ ಬಣ್ಣ ಮಾತ್ರ ಬೇರೆ. ಪ್ರತಿ ಊರಿನ ಚರ್ಚಿನ ಗೋಪುರದ ಮೇಲೆ ಕೊಕ್ಕರೆ ಗೂಡು, ಕೆಳಗೆ ಒಂದು ಚಹಾ ಅಂಗಡಿಯಷ್ಟು ದೊಡ್ಡ ಬಾರು, ಅದರೊಳಗೆ ಇಸ್ಪೀಟಾಡುವ ಮುದುಕರು. ಮಾಂಸ ತಿನ್ನದ ನನಗೆ ಹಲವು ಕಡೆ ಸಿಕ್ಕಿದ್ದು ಬ್ರೆಡ್ಡು, ಆಲಿವ್, ಚೀಸ್ ಅಷ್ಟೆ. ಬ್ಯಾಗಿನಲ್ಲಿ ಅಮ್ಮ ಕಳಿಸಿದ್ದ ಕಡಕ್ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ಇದ್ದವು. ಓಮಾ ಅದನ್ನು ಸ್ಪೇನಿನ ಕುರಿಹಾಲಿನ ಚೀಸ್ ಜೊತೆ ತಿಂದು, ‘ಇದನ್ನು ಮೊದಲೇ ಯಾಕೆ ಕೊಡಲಿಲ್ಲ?’ ಎಂದು ಜಗಳ ತೆಗೆದರು.

ಸಂಜೆ ರೂಮು ಹಿಡಿದ ಮೇಲೆ ಅವರು ನಕ್ಷೆ ಬಿಚ್ಚಿ, ಅವತ್ತು ಬಂದಷ್ಟು ದಾರಿಯ ಪೆನ್ಸಿಲ್ ಗೆರೆಯ ಮೇಲೆ ಕೆಂಪು ಪೆನ್ನಿನಲ್ಲಿ ತಿದ್ದುತ್ತಿದ್ದರು. ನಿಧಾನಕ್ಕೆ, ನಾಲಗೆ ತುದಿ ಹೊರಗೆ ಹಾಕಿಕೊಂಡು, ಮಗ್ಗಿ ಬರೆಯುವ ಮಗುವಿನಂತೆ.

ನನ್ನೊಳಗೆ ಇನ್ನೊಂದು ನಡೆದಿತ್ತು, ಅದನ್ನೂ ಹೇಳಬೇಕು. ಎಂಟನೇ ದಿನ, ಸಮೋರಾ ಊರು ಬರುವ ಹೊತ್ತಿಗೆ, ಅವರ ವೇಗ ನನಗೆ ಬೇಸರ ತರಿಸತೊಡಗಿತ್ತು. ಪ್ರತಿ ಏರಿನ ತುದಿಯಲ್ಲಿ ಕಾಲೂರಿ ಕಾಯಬೇಕು. ಅವರು ಬಂದ ಮೇಲೆ ಇನ್ನು ಹತ್ತು ನಿಮಿಷ ವಿಶ್ರಾಂತಿ. ಕಾಲಿನಲ್ಲಿ ಎಂದೂ ಇಲ್ಲದ ಕಸುವು ಬಂದಿತ್ತು, ಅದನ್ನು ಬಿಚ್ಚಲು ದಾರಿಯಿರಲಿಲ್ಲ. ಮುಖದ ಮೇಲೆ ತೋರಿಸಲಿಲ್ಲ ಅಂದುಕೊಂಡಿದ್ದೆ.

ಗಡಿ ದಾಟಿದ ಮರುದಿನ ಪೋರ್ಚುಗಲ್ಲಿನ ಒಂದು ಸಣ್ಣ ಊರಿನಲ್ಲಿ ಅವರು ಬಿದ್ದರು. ಜಿಟಿಜಿಟಿ ಮಳೆ, ಇಳಿಜಾರು ಬೀದಿ, ಕಲ್ಲುಹಾಸು. ಮುಂದಿನ ಚಕ್ರ ಜಾರಿತು, ಬಲಗೈ ಊರಿ ಬಿದ್ದರು. ನಾನು ಹಿಂದೆ ಇದ್ದೆ; ಬಿದ್ದದ್ದರಲ್ಲಿ ನನ್ನ ಪಾತ್ರವಿಲ್ಲ. ಎದುರಿನ ಬೇಕರಿಯ ಒಡತಿ ಓಡಿ ಬಂದು, ತನ್ನ ವ್ಯಾನಿನಲ್ಲಿ ನಮ್ಮನ್ನು ಹತ್ತಿರದ ಪಟ್ಟಣದ ಆಸ್ಪತ್ರೆಗೆ ಕರೆದೊಯ್ದಳು. ಮಣಿಕಟ್ಟಿನ ಮೂಳೆ ಮುರಿದಿತ್ತು. ಪ್ಲಾಸ್ಟರ್ ಹಾಕಿದರು. ಆರು ವಾರ ಸೈಕಲ್ ಮುಟ್ಟುವಂತಿಲ್ಲ. ಬೇಕರಿಯ ಮೇಲೆ ಬಾಡಿಗೆಗೆ ಕೊಡುವ ಒಂದು ಕೋಣೆಯಿತ್ತು, ಅಲ್ಲೇ ಉಳಿದೆವು.

ವಾಪಸು ಟಿಕೆಟ್ ಪೋರ್ತೊದಿಂದ, ಐದು ದಿನ ಬಿಟ್ಟು. ಆ ಸಂಜೆ ಓಮಾ ಮಂಚದ ಮೇಲೆ ಗೋಡೆಗೊರಗಿ ಕೂತಿದ್ದರು. ಪ್ಲಾಸ್ಟರಿನ ಕೈ ದಿಂಬಿನ ಮೇಲಿತ್ತು. ನಾನು ಕಿಟಕಿಯ ಹತ್ತಿರ ಫೋನಿನಲ್ಲಿ ದಾರಿ ನೋಡುತ್ತಿದ್ದೆ. ಬಸ್ಸಿನ ದಾರಿ ಹುಡುಕುತ್ತಿದ್ದೇನೆ ಎಂದು ಅವರು ತಿಳಿದಿದ್ದರೋ ಏನೋ. ನಾನು ನೋಡುತ್ತಿದ್ದದ್ದು ಸೈಕಲ್ಲಿನ ದಾರಿ.

‘ನೀನು ಹೋಗು’ ಎಂದರು ಅವರು. ‘ನಾಲ್ಕು ದಿನದಲ್ಲಿ ನೀನು ಮುಟ್ಟುತ್ತೀಯ. ನಾನು ಇಲ್ಲಿ ವಿಶ್ರಾಂತಿ ತೆಗೆದುಕೊಂಡು ಬಸ್ಸಿನಲ್ಲಿ ಪೋರ್ತೊಗೆ ಬರ್ತೀನಿ. ನನಗೇನೂ ತೊಂದರೆಯಿಲ್ಲ.’

ಹಾಗೆ ಹೇಳುವಾಗ ನನ್ನ ಕಡೆ ನೋಡಲಿಲ್ಲ. ಎಡಗೈಯಿಂದ ಹೊದಿಕೆಯ ಅಂಚು ಸರಿಮಾಡುತ್ತಿದ್ದರು.

ನಾನು ಬೆಳೆದದ್ದು ಇಂಥ ಮಾತುಗಳ ನಡುವೆಯೇ. ‘ನೀವು ಊಟ ಮಾಡ್ರಿ, ನನಗ ಹಸಿವಿಲ್ಲ’ ಅಂದ ಅತ್ತೆಗೆ ಹಸಿವಾಗಿದೆ ಎಂದು ನಮಗೆ ಗೊತ್ತು. ‘ನನಗ್ಯಾಕ ಹೊಸ ಸೀರಿ’ ಅಂದ ಅಜ್ಜಿಗೆ ಯಾವ ಬಣ್ಣ ಬೇಕೆಂದೂ ಗೊತ್ತು. ನಮ್ಮ ಕಡೆ ಯಾರಾದರೂ ‘ನೀ ಹೋಗು, ನನಗೇನಾಗಂಗಿಲ್ಲ’ ಅಂದರೆ ಚಪ್ಪಲಿ ಬಿಟ್ಟು ಪಕ್ಕದಲ್ಲಿ ಕೂತುಬಿಡುತ್ತೇವೆ. ಅದನ್ನು ಕಲಿಯಲು ನನಗೆ ಭಾಷೆ ಬೇಕಿರಲಿಲ್ಲ. ಆ ಸಂಜೆ ಮಾತ್ರ ಅದೆಲ್ಲ ಮರೆತವಳಂತೆ, ‘ನಿಜವಾಗಿಯೂ?’ ಎಂದು ಕೇಳಿದೆ. ‘ನಿಜವಾಗಿ’ ಅಂದರು. ಎರಡನೇ ಸಲ ಕೇಳಲಿಲ್ಲ. ಕೇಳಿದರೆ ಉತ್ತರ ಬದಲಾದೀತು ಎಂಬ ಭಯ.

ಕೆಳಗೆ ಬಂದು ಗಂಡನಿಗೆ ಫೋನ್ ಮಾಡಿದೆ.

‘ಅಕಿನ ಹೋಗು ಅಂದಾಳಿಲ್ಲ?’ ಅಂದ.

‘ಹೌದು. ಎರಡು ಸಲ ಅಂದಾರ.’

‘ಮತ್ತೇನ್ ವಿಚಾರ ಮಾಡ್ತಿ? ನಮ್ಮಂಗ ಸುತ್ತಿ ಬಳಸಿ ಮಾತಾಡೋ ಮಂದಿ ಅಲ್ಲ ಇವರು. ಬ್ಯಾಡ ಅನ್ನಿಸಿದ್ರ ಬ್ಯಾಡ ಅಂತಾರ. ಹೋಗಿಬಿಡು, ಮತ್ತ ಇಂಥಾ ಚಾನ್ಸ್ ಎಲ್ಲಿ ಸಿಗತೈತಿ?’

ನನಗೆ ಬೇಕಾಗಿದ್ದ ಮಾತು ಅದೇ. ಜರ್ಮನ್ನರು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾರೆ. ಅವರ ಮಾತನ್ನು ನಂಬುವುದೇ ಮರ್ಯಾದೆ. ಇದನ್ನು ಮನಸ್ಸಿನಲ್ಲಿ ನಾಲ್ಕು ಸಲ ಹೇಳಿಕೊಂಡೆ. ಅಷ್ಟರಲ್ಲಿ ಮಗಳು ಫೋನ್ ಕಸಿದುಕೊಂಡಳು. ಎಲ್ಲ ಕೇಳಿಸಿಕೊಂಡಿದ್ದಳು. ಜರ್ಮನ್‌ನಲ್ಲಿ, ‘ಹಾಗಾದರೆ ಓಮಾಗೆ ಶೂ ಲೇಸ್ ಯಾರು ಕಟ್ತಾರೆ?’ ಅಂದಳು. ‘ಇಲ್ಲೊಬ್ಬ ಆಂಟಿ ಅದಾರ, ಭಾಳ ಚಲೋ ಮಂದಿ’ ಎಂದು ಹೇಳಿ ಇಟ್ಟುಬಿಟ್ಟೆ.

ಬೆಳಿಗ್ಗೆ ಏಳಕ್ಕೆ ಹೊರಟೆ. ಓಮಾ ಬಾಗಿಲವರೆಗೆ ಬಂದರು. ಸದಾ ಬಿಗಿಯಾಗಿ ಹೆಣೆದಿರುತ್ತಿದ್ದ ಬಿಳಿಕೂದಲು ಬಿಚ್ಚಿ ಹೆಗಲ ಮೇಲೆ ಬಿದ್ದಿತ್ತು. ಒಂದು ಕೈಯಲ್ಲಿ ಹೆಣೆದುಕೊಳ್ಳಲು ಆಗುವುದಿಲ್ಲ ಎಂಬುದು ನನ್ನ ಕಣ್ಣಿಗೆ ಬಿತ್ತು. ಐದು ನಿಮಿಷದ ಕೆಲಸ. ಸೈಕಲ್ಲಿಗೆ ಬ್ಯಾಗು ಏರಿಸಿ ಆಗಿತ್ತು. ಅವರು ನಕ್ಷೆಯನ್ನು ನನ್ನ ಮುಂದಿನ ಚೀಲಕ್ಕೆ ಸಿಕ್ಕಿಸಿ, ‘ಕೆಂಪು ಗೆರೆ ಎಳೆಯೋದು ಮರೀಬೇಡ’ ಅಂದರು.

ಆ ನಾಲ್ಕು ದಿನ ನಾನು ಸುಖವಾಗಿದ್ದೆ. ಬರೆಯಲು ಕಷ್ಟವಾಗುವ ಸಾಲು ಇದು. ದಾರಿಯಲ್ಲಿ ಕೊರಗುತ್ತಿದ್ದೆ, ಅಳುತ್ತಿದ್ದೆ ಅಂದರೆ ಓದುವವರಿಗೆ ನನ್ನ ಮೇಲೆ ಕರುಣೆ ಬಂದೀತು. ನಾನು ಕೊರಗಲಿಲ್ಲ. ಬೆಟ್ಟದ ಇಕ್ಕೆಲಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ದ್ರಾಕ್ಷಿ ತೋಟ, ಕೆಳಗೆ ಅಗಲವಾಗುತ್ತ ಹೋಗುವ ಹಸಿರು ನದಿ. ಉದ್ದನೆಯ ಇಳಿಜಾರುಗಳಲ್ಲಿ ಬ್ರೇಕು ಬಿಟ್ಟು, ಗಾಳಿಗೆ ಬಾಯಿ ತೆರೆದು ಕಿರುಚಿದೆ. ಯಾರಿಗಾಗಿಯೂ ಕಾಯಬೇಕಾಗಿರಲಿಲ್ಲ. ಯಾರ ತಾಯಿಯೂ ಹೆಂಡತಿಯೂ ಅಲ್ಲದೆ, ಬರೀ ಎರಡು ಕಾಲಾಗಿ ಹೋದೆ. ರಾತ್ರಿ ಅವರಿಗೆ ಒಂದು ಫೋಟೊ ಕಳಿಸುತ್ತಿದ್ದೆ. ‘ಚೆಂದ’ ಎಂದು ಒಂದೇ ಪದದ ಉತ್ತರ ಬರುತ್ತಿತ್ತು. ಎಡಗೈಯಲ್ಲಿ ಟೈಪ್ ಮಾಡುವುದು ಕಷ್ಟ, ಅದಕ್ಕೇ ಚುಟುಕು ಎಂದು ಅಂದುಕೊಂಡೆ.

ನಾಲ್ಕನೇ ದಿನ ಮಧ್ಯಾಹ್ನ ನದಿ ಸಮುದ್ರ ಸೇರುವಲ್ಲಿ ನಿಂತೆ. ದೀಪಸ್ತಂಭದ ಕಟ್ಟೆಗೆ ಅಲೆಗಳು ಮನೆಯೆತ್ತರ ಏರಿ ಬಡಿಯುತ್ತಿದ್ದವು. ಆಚೆ ದಡವಿರಲಿಲ್ಲ. ನಕ್ಷೆ ತೆಗೆದು ಗಾಳಿಗೆ ಹಾರದಂತೆ ಮೊಣಕಾಲಿನಿಂದ ಒತ್ತಿ ಹಿಡಿದು, ಕೊನೆಯ ಇಷ್ಟುದ್ದ ಗೆರೆಯನ್ನು ಕೆಂಪು ಮಾಡತೊಡಗಿದೆ. ಬೇಕರಿಯ ಊರಿನ ತನಕ ಅವರ ಗೆರೆ ಸಣ್ಣಗೆ, ನೇರವಾಗಿ ಪೆನ್ಸಿಲ್ಲಿನ ಮೇಲೇ ಕೂತಿತ್ತು. ಅಲ್ಲಿಂದಾಚೆ ನನ್ನದು, ಅವಸರದ್ದು, ಅಲ್ಲಲ್ಲಿ ಪೆನ್ಸಿಲ್ ಬಿಟ್ಟು ಆಚೀಚೆ ಹೋದದ್ದು. ಇದು ನಾನು ಎಳೆಯಬೇಕಾದ ಗೆರೆಯಲ್ಲ ಎಂದು ಆಗ ಹೊಳೆಯಿತು. ಆದರೂ ಪೂರ್ತಿ ಮಾಡಿದೆ, ಫೋಟೊ ತೆಗೆದು ಕಳಿಸಿದೆ. ಅವತ್ತು ಉತ್ತರ ಬರಲಿಲ್ಲ.

ಮರುದಿನ ಪೋರ್ತೊದ ಬಸ್‌ ಸ್ಟ್ಯಾಂಡಿನಲ್ಲಿ ಅವರು ಇಳಿದರು. ಸೈಕಲ್ಲನ್ನು ಬೇಕರಿಯವಳಿಗೇ ಬಿಟ್ಟುಬಂದಿದ್ದರು. ಎರಡು ಬ್ಯಾಗುಗಳನ್ನು ಒಂದು ಹಗ್ಗದಿಂದ ಕಟ್ಟಿ ಎಡಹೆಗಲಿಗೆ ಹಾಕಿಕೊಂಡಿದ್ದರು. ದಾರಿಯಲ್ಲಿ ಎರಡು ಕಡೆ ಬಸ್ಸು ಬದಲಿಸಬೇಕಾಗಿತ್ತು ಎಂಬುದು ನನಗೆ ಆಗ ಗೊತ್ತಾಯಿತು. ನಾನು ವಿಚಾರಿಸಿಯೇ ಇರಲಿಲ್ಲ. ಕೂದಲು ಮಾತ್ರ ನೀಟಾಗಿ ಎರಡು ಜಡೆಯಾಗಿತ್ತು.

‘ಬೇಕರಿಯವಳು ಹೆಣೆದಳು’ ಅಂದರು. ‘ದಿನಾ ಬೆಳಿಗ್ಗೆ ಅಂಗಡಿ ತೆರೆದು, ಮೇಲೆ ಬಂದು, ತಲೆಗೆ ನೀರು ಹಾಕಿ, ಬಾಚಿ, ಹೆಣೆದು ಹೋಗ್ತಿದ್ದಳು. ಬ್ರೆಡ್ಡು ಕತ್ತರಿಸಿ ಇಟ್ಟು ಹೋಗ್ತಿದ್ದಳು. ನನಗೆ ಅವಳ ಒಂದು ಮಾತೂ ತಿಳಿಯಲಿಲ್ಲ.’

ವಿಮಾನಕ್ಕೆ ಇನ್ನೂ ಆರು ಗಂಟೆಯಿತ್ತು. ‘ಸಮುದ್ರಕ್ಕೆ ಹೋಗಿ ಬರೋಣ, ಟ್ರಾಮ್ ಇದೆ, ಅರ್ಧ ಗಂಟೆ’ ಅಂದೆ.

‘ಬೇಡ. ಏರ್‌ಪೋರ್ಟಿಗೆ ಹೋಗಿ ಕೂತುಕೊಳ್ಳೋಣ. ದಣಿವಾಗಿದೆ.’

ಕೂತೆವು. ನಾನು ದಾರಿಯ ವರ್ಣನೆ ಶುರುಮಾಡಿ ಎರಡು ವಾಕ್ಯಕ್ಕೆ ನಿಲ್ಲಿಸಿದೆ. ನಕ್ಷೆಯನ್ನು ಕೊಟ್ಟೆ. ಮಡಿಕೆ ಬಿಚ್ಚದೆ ಬ್ಯಾಗಿಗೆ ಹಾಕಿಕೊಂಡರು.

ಊರಿಗೆ ಬಂದ ಮೇಲೆ ಎಲ್ಲವೂ ಮೊದಲಿನಂತೆಯೇ ಇತ್ತು, ಅದೇ ನನಗೆ ಸಹಿಸಲಾಗಲಿಲ್ಲ. ಮಗಳು ಕೆಳಗಿನ ಮನೆಗೆ ಹೋಗುತ್ತಿದ್ದಳು, ಸೂಪು ಕುಡಿಯುತ್ತಿದ್ದಳು. ಓಮಾ ನಗುತ್ತ ಹಲೋ ಅನ್ನುತ್ತಿದ್ದರು. ಒಂದು ಮಾತು ಬೈದಿದ್ದರೆ ಅಥವಾ ಬಾಗಿಲು ಜೋರಾಗಿ ಹಾಕಿದ್ದರೆ ನನಗೆ ಅನುಕೂಲವಾಗುತ್ತಿತ್ತು. ನಾನೇ ತಪ್ಪಿಸಿಕೊಳ್ಳತೊಡಗಿದೆ. ಮೆಟ್ಟಿಲ ಮೇಲೆ ಅವರ ಹೆಜ್ಜೆ ಕೇಳಿಸಿದರೆ ಮನೆಯೊಳಗೇ ನಿಂತು, ಅವರು ಹೋಗುವವರೆಗೆ ಕಾಯುತ್ತಿದ್ದೆ. ಆಫೀಸಿನಲ್ಲಿ, ಕನ್ನಡದವರ ಗಣಪತಿ ಹಬ್ಬದಲ್ಲಿ, ಜನ ಸಮುದ್ರದ ಫೋಟೊ ನೋಡಿ ‘ಸೂಪರ್ ರೀ ನೀವು’ ಅನ್ನುತ್ತಿದ್ದರು. ‘ನೆಬರ್‌ಗ ಫ್ರ್ಯಾಕ್ಚರ್ ಆತು, ಅವರೇ ಹೋಗು ಅಂದ್ರು’ ಎಂದು ನಾನು ಸೇರಿಸುತ್ತಿದ್ದೆ.

ಪ್ಲಾಸ್ಟರ್ ಬಿಚ್ಚಿದ ಮೇಲೂ ಅವರ ಮಣಿಕಟ್ಟು ಸರಿಹೋಗಲಿಲ್ಲ. ಬೆರಳುಗಳಿಗೆ ಬ್ರೇಕು ಹಿಡಿಯುವ ಬಲ ಬರಲಿಲ್ಲ. ಇನ್ನು ಸೈಕಲ್ ಬೇಡ ಎಂದು ಡಾಕ್ಟರು ಹೇಳಿದರಂತೆ. ಇದನ್ನು ನನಗೆ ಹೇಳಿದವಳು ಮಗಳು.

ಫೆಬ್ರವರಿಯ ಒಂದು ಶನಿವಾರ ಮಧ್ಯಾಹ್ನ ಅವರ ಬಾಗಿಲು ತಟ್ಟಿದೆ. ಅಡುಗೆಮನೆಯಲ್ಲಿ ಕೂರಿಸಿ ಕಾಫಿ ಕೊಟ್ಟರು. ನಾನು ಜರ್ಮನ್‌ನಲ್ಲಿ ವಾಕ್ಯಗಳನ್ನು ಜೋಡಿಸಿಕೊಂಡು ಹೋಗಿದ್ದೆ, ಎಲ್ಲ ಚೆಲ್ಲಾಪಿಲ್ಲಿಯಾಯಿತು.

‘ನಾನು ಅಲ್ಲೇ ಉಳಿಯಬೇಕಿತ್ತು’ ಅಂದೆ.

‘ನಾನೇ ಹೋಗು ಅಂದೆನಲ್ಲ.’

‘ಅಂದಿರಿ. ಮನಸ್ಸಿನಿಂದ ಅಂದದ್ದಲ್ಲ ಅಂತ ನನಗೆ ಆಗಲೇ ಗೊತ್ತಿತ್ತು.’

ಅವರು ಕಪ್ ಕೆಳಗಿಟ್ಟರು. ಅವರ ಕುತ್ತಿಗೆ ಕೆಂಪಾಯಿತು.

‘ನಿನಗೆ ಗೊತ್ತಿತ್ತು’ ಅಂದರು. ‘ಗೊತ್ತಿರಲಿಲ್ಲವೇನೋ ಅಂತ ಇಷ್ಟು ದಿನ ಅಂದುಕೊಂಡಿದ್ದೆ. ಬೇರೆ ದೇಶದವಳು, ಬಾಯಲ್ಲಿ ಬಂದದ್ದನ್ನೇ ನಿಜ ಅಂತ ತಿಳಿದಿರಬೇಕು ಅಂತ. ಹಾಗೆ ಅಂದುಕೊಂಡರೆ ಸಹಿಸೋದು ಸುಲಭವಾಗಿತ್ತು.’

ಕಪ್ಪನ್ನು ಪಕ್ಕಕ್ಕೆ ಸರಿಸಿ ಅವರೇ ಮುಂದುವರಿಸಿದರು.

‘ಆ ಬೆಳಿಗ್ಗೆ ನಾನು ಕಿಟಕಿಯಲ್ಲಿ ಕೂತಿದ್ದೆ. ಮೊದಲ ಏರು ಮುಗಿಸಿ ತಿರುಗಿ ಬರ್ತಾಳೆ ಅಂತ. ಹತ್ತು ಗಂಟೆವರೆಗೆ ಕೂತಿದ್ದೆ. ಆಮೇಲೆ ನನ್ನ ಬಗ್ಗೆ ನನಗೇ ನಾಚಿಕೆಯಾಯಿತು, ನಾನೇ ಕಳಿಸಿ ನಾನೇ ಕಾಯ್ತಿದ್ದೀನಲ್ಲ ಅಂತ.’

‘ಕ್ಷಮಿಸಿ’ ಅಂದೆ.

‘ಇವತ್ತು ಬೇಡ. ನೀನು ಹೇಳಿದೆ, ನಾನು ಕೇಳಿಸಿಕೊಂಡೆ. ಒಂದು ಕಪ್ ಕಾಫಿಯಲ್ಲಿ ಮುಗಿಯೋದಲ್ಲ ಇದು. ಈಗ ಹೋಗು.’

ಈ ಸಲದ ‘ಹೋಗು’ ನಿಜವಾದದ್ದು. ಎದ್ದು ಬಂದೆ.

ರಾತ್ರಿ ಊಟದ ಹೊತ್ತಿಗೆ ಗಂಡನಿಗೆ ಹೇಳಿದೆ. ಅವನು ತಟ್ಟೆ ನೋಡುತ್ತ, ‘ಅವತ್ತು ಫೋನಿನ್ಯಾಗ ನಾನೂ ನಿನಗ ಬೇಕಾದ್ದನ್ನ ಅಂದೆ’ ಅಂದ. ‘ನಿನ್ನ ದನಿ ಕೇಳೇ ಗೊತ್ತಾಗಿತ್ತು, ಹೊಂಟು ನಿಂತಾಳ ಅಂತ.’ ಅವನ ಮೇಲೆ ಹೊರಿಸಬಹುದಾಗಿದ್ದ ಸ್ವಲ್ಪ ತಪ್ಪೂ ಹಾಗೆ ನನ್ನ ಕಡೆಗೇ ವಾಪಸು ಬಂತು.

ಮೂರು ವಾರ ಓಮಾ ನನ್ನ ಜೊತೆ ಮಾತಾಡಲಿಲ್ಲ. ಮಗಳಿಗೆ ಸೂಪು ತಪ್ಪಲಿಲ್ಲ. ನಾಲ್ಕನೇ ವಾರ ಬಾಗಿಲು ತಟ್ಟಿ ಒಂದು ಜಾಮಿನ ಬಾಟಲಿ ಹಿಡಿದು ನಿಂತಿದ್ದರು. ‘ಮುಚ್ಚಳ ತೆಗೆದು ಕೊಡು’ ಅಂದರು. ತೆಗೆದುಕೊಟ್ಟೆ. ‘ಥ್ಯಾಂಕ್ಸ್’ ಎಂದು ಹೋದರು. ಆಮೇಲೆ ವಾರಕ್ಕೊಮ್ಮೆ ಇಂಥದೇ ಏನಾದರೂ ಇರುತ್ತಿತ್ತು: ಕಿಟಕಿಯ ಪರದೆ, ನೆಲಮಾಳಿಗೆಯಿಂದ ಆಲೂಗಡ್ಡೆ ಚೀಲ. ಅವರು ಕೇಳುವುದನ್ನು ಕಲಿತರು. ಅವರು ಕೇಳುವ ಮೊದಲೇ ನೋಡುವುದನ್ನು ಕಲಿಯಲು ನಾನು ಪ್ರಯತ್ನಿಸುತ್ತಿದ್ದೇನೆ. ಎಷ್ಟೋ ಸಲ ಈಗಲೂ ತಡವಾಗುತ್ತದೆ.

ಸೆಪ್ಟೆಂಬರಿನಲ್ಲಿ ಅವರು ಪೋರ್ಚುಗಲ್ಲಿಗೆ ಹೋದರು, ಹಿರಿಯರ ಬಸ್ಸು ಪ್ರವಾಸದಲ್ಲಿ, ತಂಗಿಯ ಜೊತೆ. ನನಗೆ ಮೊದಲೇ ಹೇಳಿರಲಿಲ್ಲ. ಬೆಳಿಗ್ಗೆ ಕಸದ ಚೀಲ ಇಡಲು ಕೆಳಗೆ ಹೋದಾಗ ಸೂಟ್‌ಕೇಸಿನ ಜೊತೆ ಬಾಗಿಲಲ್ಲಿ ನಿಂತಿದ್ದರು.

‘ಆ ಬೇಕರಿಯ ಊರಿಗೂ ಹೋಗ್ತೀರಾ?’ ಅಂದೆ.

‘ಬಸ್ಸು ಅಲ್ಲಿ ನಿಲ್ಲೋದಿಲ್ಲ. ನಾನು ಇಳಿದು ಹೋಗ್ತೀನಿ. ಅವಳಿಗೆ ಒಂದು ಶಾಲು ತಗೊಂಡಿದ್ದೀನಿ.’

ಸೂಟ್‌ಕೇಸ್ ಎತ್ತಿಕೊಂಡೆ. ಬೇಡ ಅನ್ನಲಿಲ್ಲ. ಟ್ರಾಮ್ ಸ್ಟಾಪಿನವರೆಗೆ ಇಬ್ಬರೂ ನಡೆದೆವು. ಟ್ರಾಮ್ ಬಂದಾಗ ಎಡಗೈಯಲ್ಲಿ ಕಂಬಿ ಹಿಡಿದು ಹತ್ತಿದರು, ನಾನು ಪೆಟ್ಟಿಗೆ ಒಳಗಿಟ್ಟೆ. ‘ಬಾಲ್ಕನಿಯ ಗಿಡಗಳಿಗೆ ಎರಡು ದಿನಕ್ಕೊಮ್ಮೆ ನೀರು’ ಎಂದು ಕೀಲಿಕೈ ನನ್ನ ಅಂಗೈಯಲ್ಲಿ ಇಟ್ಟರು. ಬಾಗಿಲು ಮುಚ್ಚಿತು. ಕಿಟಕಿಯಲ್ಲಿ ಅವರು ಕೂರಲು ಜಾಗ ಹುಡುಕುತ್ತಿರುವುದು ಕಂಡಿತು. ಒಬ್ಬ ಹುಡುಗಿ ಎದ್ದು ತನ್ನ ಸೀಟು ಕೊಟ್ಟಳು.